ಅಂಕವೃದ್ಧಿಯೂ ವಿದ್ಯಾವೃದ್ಧಿಯೂ

ವಿದ್ಯಾರ್ಥಿಯೊಬ್ಬನು ಇಂದು ಒಂದು ಪರೀಕ್ಷೆಯಲ್ಲಿ ಪಡೆದ ಅಂಕಗಳಿಗಿಂತ ಆರು ತಿಂಗಳ ಮೇಲೆ ಅದೇ ಮಾದರಿಯ ಇನ್ನೊಂದರಲ್ಲಿ ಹೆಚ್ಚು ಅಂಕಗಳನ್ನು ಪಡೆದನೆಂದರೆ, ಅವನ ವಿದ್ಯೆಯು ಅಷ್ಟರಮಟ್ಟಿಗೆ ಬೆಳೆಯಿತೆಂದು ಹೇಳಬಹುದೆ? ಲೋಕವ್ಯವಹಾರದಲ್ಲಿ ಹಾಗೆಂದೇ ಹೇಳುವುದು ವಾಡಿಕೆ. ತಾಯಿತಂದೆಗಳು ಸಂತೋಷಪಡುವರು; ಉಪಾಧ್ಯಾಯರು ಬೆನ್ನು ತಟ್ಟುವರು; ಕಾಲೇಜುಗಳು ಬಾಗಿಲು ತೆರೆಯುವುವು. ಆದರೆ ಹೆಚ್ಚಿದ ಆ ಸಂಖ್ಯೆಯು ಯಾವುದರ ಗುರುತು ಎಂದು ವಿಚಾರಮಾಡುವವರು ವಿರಳ. ಮೇಲುನೋಟಕ್ಕೆ ಇದು ಶಾಲೆಯೊಳಗಿನ ವಿಷಯವಾಗಿ ತೋರಿದರೂ, ಸತ್ಯಕ್ಕೂ ನ್ಯಾಯಕ್ಕೂ ಸಂಬಂಧಪಟ್ಟ ಪ್ರಶ್ನೆಯೇ ಆಗಿರುವುದು.

ಈ ವಿಚಾರಕ್ಕೆ ಅಮೆರಿಕಾ ದೇಶದ ಕಾಲೇಜು ಪ್ರವೇಶಪರೀಕ್ಷೆಯು ತಕ್ಕ ನಿದರ್ಶನ. ಅಲ್ಲಿಯ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯು 1900ರಲ್ಲಿ ಸ್ಥಾಪಿತವಾಗಿ, 1926ರಿಂದ ಎಸ್.ಎ.ಟಿ. ಎಂಬ ಪರೀಕ್ಷೆಯನ್ನು ನಡೆಸುತ್ತ ಬಂದಿದೆ. ಅದನ್ನು ಮೊದಲು ರಚಿಸಿದವರಲ್ಲಿ ಪ್ರಮುಖನು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಬುದ್ಧಿಯನ್ನು ಅಳೆಯಲು ಏರ್ಪಡಿಸಿದ್ದ ಪ್ರಶ್ನಪತ್ರಿಕೆಗಳೇ ಅದಕ್ಕೆ ಮೇಲ್ಪಂಕ್ತಿ. ಆ ಮೂರಕ್ಷರಗಳ ನಡುವಣದು ಆಗ ‘ಆಪ್ಟಿಟ್ಯೂಡ್’, ಎಂದರೆ ಸಹಜಸಾಮರ್ಥ್ಯ, ಎಂಬ ಮಾತನ್ನು ಸೂಚಿಸುತ್ತಿತ್ತು. ಸಹಜವಾದುದು ಅಭ್ಯಾಸದಿಂದ ಹೆಚ್ಚಲಾರದಷ್ಟೆ. ಆದಕಾರಣ ಬಹುಕಾಲದವರೆಗೆ ಈ ಪರೀಕ್ಷೆಗೆ ವಿಶೇಷಪಾಠದಿಂದ ಪ್ರಯೋಜನವಿಲ್ಲವೆಂಬುದೇ ಅದನ್ನು ನಡೆಸುವವರ ನಿಲುವಾಗಿತ್ತು. ಇತ್ತ ಬ್ರೂಕ್ಲಿನ್ ನಗರದಲ್ಲಿ ಸ್ಟಾನ್ಲಿ ಕ್ಯಾಪ್ಲನ್ ಎಂಬಾತನು 1938ರಲ್ಲಿ ಮನೆಯಲ್ಲಿಯೇ ಪಾಠ ಹೇಳತೊಡಗಿ, ಕೆಲವು ವರ್ಷಗಳಲ್ಲಿ ಈ ಪರೀಕ್ಷೆಗೂ ಮಕ್ಕಳನ್ನು ಅಣಿಗೊಳಿಸಲಾರಂಭಿಸಿದನು. 1979ರಲ್ಲಿ ಅಮೆರಿಕಾ ಸರ್ಕಾರದ ವಾಣಿಜ್ಯ ಆಯೋಗವು ವಿಚಾರಿಸಿದಾಗ, ಇಂಥ ಪಾಠದಿಂದ ಅಂಕಗಳು ಸ್ವಲ್ಪ ಏರುವುದುಂಟೆಂದು ಕಂಡುಬಂದಿತು. ಕಡೆಗೆ 1990ರ ದಶಕದಲ್ಲಿ ‘ಆಪ್ಟಿಟ್ಯೂಡ್’ ಎಂಬ ಮಾತನ್ನು ಕೈಬಿಡಲಾಯಿತು; ಈಗ ಆ ಮೂರಕ್ಷರಗಳು ಯಾವ ಮಾತಿನ ಸಂಕ್ಷೇಪವೂ ಅಲ್ಲ.

ಮುಖ್ಯಪರೀಕ್ಷೆಗೆ ಮುಂಚಿತವಾಗಿ ಬರೆಯುವ ಪಿ.ಎಸ್.ಎ.ಟಿ. ಎಂಬ ಪೂರ್ವಪರೀಕ್ಷೆಯೊಂದು 1959ರಲ್ಲಿ ಆರಂಭವಾಯಿತು. ಹನ್ನೊಂದನೆಯ ತರಗತಿಯವರು ಶರತ್ಕಾಲದಲ್ಲಿ ಇದಕ್ಕೆ ಕುಳಿತು, ಮುಂದಿನ ವಸಂತದಲ್ಲಿ ಎಸ್.ಎ.ಟಿ. ಬರೆಯುವುದು ಸಾಮಾನ್ಯ. ಮೊದಲನೆಯದರ ಗರಿಷ್ಠಾಂಕ 1520, ಎರಡನೆಯದರದು 1600. ಆದರೂ ಎರಡಕ್ಕೂ ಅಳತೆಗೋಲು ಒಂದೇ. ಆದುದರಿಂದ ಎರಡರ ನಡುವಣ ಅಂತರವನ್ನು ನೇರವಾಗಿ ಲೆಕ್ಕಹಾಕಬಹುದು. 2015ರಲ್ಲಿ ಕಾಲೇಜ್ ಬೋರ್ಡು ಖಾನ್ ಅಕಾಡೆಮಿಯೊಡನೆ ಸೇರಿ ಉಚಿತವಾದ ಅಭ್ಯಾಸಪಾಠಗಳನ್ನು ಏರ್ಪಡಿಸಿತು. ಸುಮಾರು 2,50,000 ವಿದ್ಯಾರ್ಥಿಗಳ ಅಂಕಗಳನ್ನು ನೋಡಿ 2017ರಲ್ಲಿ ಆ ಸಂಸ್ಥೆಗಳು ಪ್ರಕಟಿಸಿದ ಲೆಕ್ಕ ಹೀಗಿದೆ: ಈ ಪಾಠಗಳಲ್ಲಿ 20 ಗಂಟೆ ಅಭ್ಯಾಸಮಾಡಿದವರ ಅಂಕಗಳು ಪೂರ್ವಪರೀಕ್ಷೆಯಿಂದ ಮುಖ್ಯಪರೀಕ್ಷೆಗೆ ಸರಾಸರಿ 115ರಷ್ಟು ಏರಿದುವು, ಇದನ್ನು ಉಪಯೋಗಿಸದವರವು ಸುಮಾರು 60ರಷ್ಟು.

ಈ ಲೆಕ್ಕವನ್ನು ಓದುವಾಗ ವಿವೇಕ ಬೇಕು. ಆ ಪಾಠಗಳ ಗೊಡವೆಗೆ ಹೋಗದವರಿಗೂ 60 ಅಂಕ ಏರಿದುವಲ್ಲ, ಅದು ಎಲ್ಲಿಂದ ಬಂದಿತು? ನಡುವಣ ತಿಂಗಳುಗಳ ಶಾಲೆಯ ಪಾಠ, ವಯಸ್ಸಿನ ಪಕ್ವತೆ, ಒಮ್ಮೆ ಪರೀಕ್ಷೆ ಬರೆದು ಹೋದ ಅಂಜಿಕೆ, ಇವೆಲ್ಲವೂ ಅದರಲ್ಲಿ ಸೇರಿರಬಹುದು. ಉಳಿದ 55 ಅಂಕಗಳೂ ಅಭ್ಯಾಸದ ಫಲವೇ ಎಂದು ನಿಶ್ಚಯಿಸುವಂತಿಲ್ಲ. ತಾವಾಗಿಯೇ 20 ಗಂಟೆ ಕುಳಿತು ಓದುವವರು ಸ್ವಭಾವದಿಂದಲೇ ಶ್ರಮಶೀಲರಾಗಿರಬಹುದಷ್ಟೆ. ಹಣ ಕೊಟ್ಟು ಹೇಳಿಸಿಕೊಳ್ಳುವ ಪಾಠದ ವಿಷಯವಾಗಿ ಡೆರೆಕ್ ಬ್ರಿಗ್ಸ್ ಎಂಬ ವಿದ್ವಾಂಸನು 2009ರಲ್ಲಿ ಅದುವರೆಗಿನ ಶೋಧನೆಗಳನ್ನೆಲ್ಲ ತೂಗಿನೋಡಿ, ಅದರಿಂದಾಗುವ ಲಾಭವು ಸರಾಸರಿ 30 ಅಂಕಗಳಷ್ಟೇ ಎಂದು ತೀರ್ಮಾನಿಸಿದನು.

ಇನ್ನು ತತ್ತ್ವವಿಚಾರ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸರಿ, ಆದರೆ ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸುವುದು ಸರಿಯಲ್ಲ ಎಂದು ನಮ್ಮ ನೈಯಾಯಿಕರು ಹೇಳುವರು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಹುಟ್ಟಬೇಕಾದರೆ ಹಸಿಯ ಸೌದೆಯೂ ಸೇರಬೇಕು. ಇದಕ್ಕೆ ಅವರು ಉಪಾಧಿಯೆಂದು ಹೆಸರಿಟ್ಟರು. ಪರೀಕ್ಷೆಯಲ್ಲಿ ವಿದ್ಯೆಯು ಬೆಂಕಿ, ಅಂಕವು ಹೊಗೆ. ಪರೀಕ್ಷೆಯ ರೀತಿಯ ಪರಿಚಯವೇ ಹಸಿಯ ಸೌದೆ. ಬುದ್ಧಿವಂತನಾದರೂ ಅಂಥ ಪ್ರಶ್ನೆಗಳನ್ನು ಎಂದೂ ಕಾಣದ ಬಡಹುಡುಗನು ಕಾದ ಕಬ್ಬಿಣದ ಗುಂಡಿನಂತೆ. ಅವನ ಅಂಕ ಕಡಿಮೆಯೆಂದು ವಿದ್ಯೆಯೂ ಕಡಿಮೆಯೆಂದರೆ ಅದು ತಪ್ಪು ಅನುಮಾನ. ಹಾಗೆಯೇ ಒಲೆಗೆ ಹಸಿಯ ಸೌದೆಯನ್ನೇ ತುರುಕಿದರೆ ಹೊಗೆ ಹೆಚ್ಚೀತೇ ಹೊರತು ಅನ್ನ ಬೇಯದು.

ಹಾಗಾದರೆ ಅಭ್ಯಾಸವೇ ವಂಚನೆಯೆ? ಹಾಗೆನ್ನುವುದು ದುಡುಕು. ಅಭ್ಯಾಸದಲ್ಲಿ ಮೂರು ಬಗೆಗಳುಂಟು. ಪೂರ್ವಪರೀಕ್ಷೆಯಲ್ಲಿ ತನಗೆ ಭಿನ್ನರಾಶಿಯು ಬಾರದೆಂದು ಕಂಡುಕೊಂಡವನು ಕುಳಿತು ಅದನ್ನು ಕಲಿತರೆ, ಅಂಕವೂ ವಿದ್ಯೆಯೂ ಒಟ್ಟಿಗೆ ಬೆಳೆಯುವುವು, ಇದು ಉತ್ತಮ. ಪ್ರಶ್ನೆಯ ಧಾಟಿಯನ್ನೂ ಕಾಲದ ಮಿತಿಯನ್ನೂ ರೂಢಿಮಾಡಿಕೊಂಡರೆ ವಿದ್ಯೆ ಹೆಚ್ಚದಿದ್ದರೂ, ಇರುವ ವಿದ್ಯೆಗೆ ಅಡ್ಡಲಾಗಿದ್ದ ತೆರೆಯು ಸರಿದು ಅಂಕವು ಮೊದಲಿಗಿಂತ ಸತ್ಯಕ್ಕೆ ಹತ್ತಿರವಾಗುವುದು, ಇದು ಮಧ್ಯಮ. ಲೆಕ್ಕವನ್ನು ಮಾಡಲಾರದೆ, ಕೊಟ್ಟಿರುವ ನಾಲ್ಕು ಉತ್ತರಗಳ ಮುಖ ನೋಡಿಯೇ ಒಂದನ್ನು ಆರಿಸುವ ಉಪಾಯವನ್ನು ಕಲಿತರೆ ಅಂಕ ಏರುವುದು, ಸತ್ಯ ಇಳಿಯುವುದು, ಇದು ಅಧಮ. ಅಧಮವಾದರೂ ಇದು ಕಾನೂನಿಗೆ ವಿರುದ್ಧವಲ್ಲ. ಆದರೆ ಹೊಗೆಯನ್ನೇ ಫಲವೆಂದು ಎಣಿಸುವ ಮನಸ್ಸು ಇಲ್ಲಿಗೇ ನಿಲ್ಲುವುದಿಲ್ಲ. ಹಣವಂತರಾದ ಕೆಲವು ತಾಯಿತಂದೆಗಳು ತಮ್ಮ ಮಕ್ಕಳ ಉತ್ತರಗಳನ್ನು ಅನ್ಯರಿಂದ ತಿದ್ದಿಸಿದ ವಂಚನೆಯು 2019ರಲ್ಲಿ ಅಮೆರಿಕಾದ ನ್ಯಾಯಾಲಯದ ಮುಂದೆ ಬಂದಿತು.

ಮಧ್ಯಮವೆಂದ ಅಭ್ಯಾಸವು ನ್ಯಾಯವಾಗಬೇಕಾದರೆ ಅದು ಎಲ್ಲರಿಗೂ ಸಮನಾಗಿ ದೊರೆಯಬೇಕು. ಪಾಠವೇನೋ ಉಚಿತವಾಯಿತು, ಆದರೆ ಶಾಲೆ ಮುಗಿದೊಡನೆ ಅಂಗಡಿಯ ಕೆಲಸಕ್ಕೆ ಓಡಬೇಕಾದ ಹುಡುಗನಿಗೆ ಆ 20 ಗಂಟೆಗಳನ್ನು ಯಾರು ಕೊಡುವರು? ಹೀಗಿರುವುದರಿಂದ ಪರೀಕ್ಷೆಯನ್ನೇ ತೆಗೆದುಹಾಕಬೇಕೆಂಬ ವಾದವೂ ಉಂಟು. 2020ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಅಲ್ಲಿಯ ಅನೇಕ ಕಾಲೇಜುಗಳು ಈ ಅಂಕಗಳನ್ನು ಕೇಳುವುದನ್ನು ಬಿಟ್ಟುವು. ಆದರೆ ಮ್ಯಾಸಚೂಸೆಟ್ಸ್ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯು 2022ರಲ್ಲಿ ಪುನಃ ಕೇಳತೊಡಗಿತು. ಸೌಕರ್ಯವಿಲ್ಲದ ಶಾಲೆಗಳಿಂದ ಬರುವ ಸಮರ್ಥರನ್ನು ಗುರುತಿಸಲು ಅಂಕಗಳು ಸಹಾಯಕವೆಂಬುದು ಅದು ಕೊಟ್ಟ ಕಾರಣ. ಹೊಗೆಯು ಅಪೂರ್ಣವಾದ ಸಾಕ್ಷಿಯೆಂದು ಅದನ್ನು ನೋಡದೆಯೇ ಇದ್ದರೆ, ದೂರದ ಬೆಟ್ಟದ ಬೆಂಕಿಯು ಯಾರಿಗೂ ತಿಳಿಯದೆ ಹೋದೀತು.

ಮಿಥಿಲೆಯ ಪಂಡಿತರಲ್ಲಿ ಶಲಾಕಾಪರೀಕ್ಷೆಯೆಂಬ ಪದ್ಧತಿಯಿದ್ದಿತು. ಓಲೆಯ ಗ್ರಂಥಕ್ಕೆ ಸಲಾಕೆಯನ್ನು ಚುಚ್ಚಿ, ಅದು ಮುಟ್ಟಿದ ಓಲೆಯಲ್ಲಿರುವ ವಿಷಯವನ್ನು ವಿದ್ಯಾರ್ಥಿಯಿಂದ ವಿವರಿಸಿಕೊಳ್ಳುವರು. ಸಲಾಕೆಯು ಎಲ್ಲಿಗೆ ತಾಗುವುದೆಂದು ತಿಳಿಯದಾದುದರಿಂದ ಗ್ರಂಥವನ್ನೆಲ್ಲ ಓದದೆ ಗತಿಯಿರಲಿಲ್ಲ. ಒಂದು ಓಲೆಯು ಇಡೀ ಗ್ರಂಥದ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಇಂದಿನ ಪರೀಕ್ಷೆಗಳೂ ತತ್ತ್ವದಲ್ಲಿ ಇಂಥವೇ; ಕೆಲವು ಪ್ರಶ್ನೆಗಳು ಹಲವು ವರ್ಷಗಳ ಓದಿಗೆ ಸಾಕ್ಷಿ. ಸಲಾಕೆ ತಾಗುವ ಓಲೆಗಳನ್ನು ಮಾತ್ರ ಮುಂಚೆಯೇ ಆರಿಸಿ ಉರುಹೊಡೆದರೆ ಉತ್ತರವೇನೋ ಬರುವುದು, ಸಾಕ್ಷಿಯು ಸಾಯುವುದು. ಯಾವ ಸಂಖ್ಯೆಯನ್ನು ನಂಬಿ ಹೆಚ್ಚು ಹೆಚ್ಚಾಗಿ ತೀರ್ಮಾನಗಳನ್ನು ಮಾಡುವರೋ, ಆ ಸಂಖ್ಯೆಯೇ ಅಷ್ಟಷ್ಟು ಕೆಡುವುದೆಂದು ಅಮೆರಿಕಾದ ಡೊನಾಲ್ಡ್ ಕ್ಯಾಂಬೆಲ್ ಎಂಬ ವಿದ್ವಾಂಸನು 1970ರ ದಶಕದಲ್ಲಿ ಪ್ರತಿಪಾದಿಸಿದುದರ ಅಭಿಪ್ರಾಯವೂ ಇದೇ.

ಅಮೆರಿಕಾದಲ್ಲಿ ನೆಲಸಿರುವ ಕನ್ನಡಿಗರ ಮಕ್ಕಳೂ ಆ ದೇಶಕ್ಕೆ ಓದಲು ಹೋಗಬೇಕೆಂದಿರುವ ನಮ್ಮ ನಾಡಿನ ಮಕ್ಕಳೂ ಇದೇ ಪರೀಕ್ಷೆಗೆ ಕುಳಿತುಕೊಳ್ಳುವರು. ಅವರ ಹಿರಿಯರು ಎರಡು ಪರೀಕ್ಷೆಗಳ ನಡುವಣ ಅಂತರವನ್ನು ಕೇಳುವುದರಲ್ಲಿ ತಪ್ಪಿಲ್ಲ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಮೊದಲ ಸಲ ತಪ್ಪಿದ ಲೆಕ್ಕವನ್ನು ಮಗುವು ಈಗ ಉತ್ತರಗಳ ಪಟ್ಟಿಯಿಲ್ಲದೆ ಮಾಡಿ, ಹೀಗೇಕೆ ಎಂಬುದನ್ನು ತನ್ನ ತಮ್ಮನಿಗೋ ತಂಗಿಗೋ ತಿಳಿಯುವಂತೆ ಹೇಳಬಲ್ಲುದೆ? ಹೇಳಬಲ್ಲುದಾದರೆ, ಏರಿದ ಅಂಕವು ಹತ್ತೇ ಆದರೂ ಅದು ನಿಜವಾದ ಸಂಪಾದನೆ. ಇಲ್ಲವಾದರೆ, ಏರಿಕೆಯು ನೂರಾದರೂ ಕಾಲೇಜಿನ ಮೊದಲ ವರ್ಷದಲ್ಲಿಯೇ ಆ ಸಾಲವನ್ನು ಬಡ್ಡಿಸಹಿತ ತೀರಿಸಬೇಕಾಗುವುದು.