ಇಂದಿನ ಧಮ್ಮ ಚಿಂತನೆ: ಆರೈಕೆಗೆ ಲೆಕ್ಕವಿಲ್ಲ



ಅತಿಸಾರದಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಖುವನ್ನು ಬುದ್ಧರು ಕಂಡರು. ತಾವೇ ನೀರು ಹಾಕಿದರು, ಆನಂದರು ಮೈ ತೊಳೆದರು, ಇಬ್ಬರೂ ಎತ್ತಿ ಮಲಗಿಸಿದರು. ಯಾರೂ ಏಕೆ ನೋಡಿಕೊಳ್ಳಲಿಲ್ಲ ಎಂದು ಕೇಳಿದಾಗ ಉಳಿದ ಭಿಕ್ಖುಗಳು ಕೊಟ್ಟ ಕಾರಣ: ಅವನಿಂದ ನಮಗೇನೂ ಉಪಯೋಗವಿರಲಿಲ್ಲ. ವಿನಯಪಿಟಕದ ಮಹಾವಗ್ಗದಲ್ಲಿರುವ ಪ್ರಸಂಗವಿದು.

ಸ್ತನ ಕ್ಯಾನ್ಸರ್‌ಗೆ ಕಿಮೋ ಪಡೆಯುವ ತಾಯಿಯ ಮನೆಯಲ್ಲೂ ಈ ಲೆಕ್ಕ ನುಸುಳುತ್ತದೆ. ಹಲವರಿಗೆ 21 ದಿನಕ್ಕೊಮ್ಮೆ ಔಷಧಿ. ವಾಕರಿಕೆ, ಸುಸ್ತು, ಉದುರುವ ಕೂದಲು. ಇಷ್ಟು ವರ್ಷ ಎಲ್ಲರಿಗೂ ಬಡಿಸಿದವಳು ಈಗ ಒಂದು ಲೋಟ ನೀರು ಕೇಳಲೂ ಸಂಕೋಚಪಡುತ್ತಾಳೆ. ತಾನು ಮನೆಗೆ ಭಾರವಾದೆ ಅಂದುಕೊಳ್ಳುತ್ತಾಳೆ.

'ಅವಳು ನಮಗಾಗಿ ದುಡಿದಳು, ಈಗ ನಮ್ಮ ಸರದಿ' ಎನ್ನುವುದು ಒಳ್ಳೆಯ ಮಾತೇ. ಆದರೆ ದುಡಿಯದವಳಿಗೆ ಆರೈಕೆ ಸಲ್ಲುವುದಿಲ್ಲವೇ? ಬುದ್ಧರು ಆ ಭಿಕ್ಖುವಿನ ಲೆಕ್ಕ ಕೇಳಲಿಲ್ಲ. ನೋವೊಂದನ್ನೇ ನೋಡಿದರು.

'ಪೂರ್ವಜನ್ಮದ ಕರ್ಮ' ಎಂದು ಸುಮ್ಮನಾಗುವವರೂ ಇದ್ದಾರೆ. ಬಾಬಾಸಾಹೇಬರು ಆ ವಾದವನ್ನು ಒಪ್ಪಲಿಲ್ಲ, ನಾವೂ ಒಪ್ಪಬಾರದು.

ಇಂದಿನ ಅಭ್ಯಾಸ: ಇಂಥ ಒಬ್ಬ ತಾಯಿ ಅಥವಾ ಅಕ್ಕ ನಿಮಗೆ ಗೊತ್ತಿದ್ದರೆ ಆಸ್ಪತ್ರೆಗೆ ಜೊತೆಗೆ ಹೋಗಿ. ವಾಂತಿಯಾದರೆ ಮುಖ ಸಿಂಡರಿಸಬೇಡಿ. ಕಿಮೋ ನಡೆಯುವಾಗ ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೈತ್ರಿ ಎಂದರೆ ಇದೇ.

ಜೈ ಭೀಮ್ 💙