ಸಣ್ಣದು ಲೆಕ್ಕಕ್ಕಿಲ್ಲವೆ?

ಚಳಿಗಾಲ ಬಂತೆಂದರೆ ಚೆನ್ನೈಯ ಕನ್ನಡಿಗರಾದ ನಾವು ಮಕ್ಕಳನ್ನು ಕರೆದುಕೊಂಡು ವೇಡಂತಾಂಗಲ್ ಕೆರೆಗೆ ಹೋಗುವುದುಂಟು. ದೂರದಿಂದ ಬಂದಿಳಿದ ಹಕ್ಕಿಗಳನ್ನು ಕಂಡು, "ಇವಕ್ಕೆ ದಾರಿ ಹೇಳಿಕೊಟ್ಟವರಾರು?" ಎಂದು ಮಕ್ಕಳು ಕೇಳಿದರೆ, "ದೇವರು" ಎಂದು ಹೇಳಿ ಬುತ್ತಿ ಬಿಚ್ಚುತ್ತೇವೆ. ವಿಜ್ಞಾನದ ಉತ್ತರವೂ ಅಷ್ಟೇ ಬೆರಗಿನದು. ಅದರಲ್ಲಿ ಒಂದು ಧರ್ಮಸೂಕ್ಷ್ಮವೂ ಅಡಗಿದೆ.

ಕೆಲವು ವಲಸೆಹಕ್ಕಿಗಳಿಗೆ ಸೂರ್ಯ ನಕ್ಷತ್ರಗಳಂತೆ ಭೂಮಿಯ ಕಾಂತಕ್ಷೇತ್ರವೂ ದಿಕ್ಕು ತೋರಿಸುತ್ತದೆ. ಅದಾದರೋ ಬಲು ದುರ್ಬಲ. ಚೆನ್ನೈಯಲ್ಲಿ ಸುಮಾರು 40 ಮೈಕ್ರೋಟೆಸ್ಲಾ. ಎಲೆಕ್ಟ್ರಾನಿನ ಮೇಲೆ ಅದರ ಪ್ರಭಾವ, ಮೈಬಿಸಿಯ ಶಕ್ತಿಯ ಹತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲ. ಆದರೂ ಅದು ರಾಸಾಯನಿಕ ಕ್ರಿಯೆಯನ್ನು ಬದಲಿಸಬಲ್ಲದೆಂದು 1978ರಲ್ಲಿ ಜರ್ಮನಿಯ ಕ್ಲಾಸ್ ಶುಲ್ಟೆನ್ ಮತ್ತು ಸಂಗಡಿಗರು ಸೂಚಿಸಿದರು. ಬೆಳಕು ಬಿದ್ದಾಗ ಕೆಲವು ಅಣುಗಳಲ್ಲಿ ಎರಡು ಒಂಟಿ ಎಲೆಕ್ಟ್ರಾನುಗಳು ಉಂಟಾಗುತ್ತವೆ. ಅವುಗಳ ಸ್ಪಿನ್ ಜೋಡಿ ಎರಡು ಸ್ಥಿತಿಗಳ ನಡುವೆ ತೂಗಾಡುತ್ತದೆ. ಕ್ರಿಯೆಯ ಫಲ ಆ ಸ್ಥಿತಿಯನ್ನು ಅವಲಂಬಿಸಿದೆ. ತೂಗಾಡುವ ತಕ್ಕಡಿಗೆ ಹುಲ್ಲುಕಡ್ಡಿಯೂ ಭಾರವೇ. ಆದರೆ ಸುತ್ತಲಿನ ಅಣುಗಳ ನೂಕುನುಗ್ಗಲು ಈ ಹೊಂದಿಕೆಯನ್ನು ಬೇಗ ಅಳಿಸಿಹಾಕುತ್ತದೆ. ಇದೇ ಸ್ಪಿನ್ ರಿಲ್ಯಾಕ್ಸೇಷನ್. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟಾದರೂ ಹೊಂದಿಕೆ ಉಳಿದರೆ ದುರ್ಬಲ ಕ್ಷೇತ್ರದ ಮಾತು ನಡೆದೀತು. ರಾಬಿನ್ ಹಕ್ಕಿಯ ಕಣ್ಣಿನ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನು ಕಾಂತಕ್ಷೇತ್ರಕ್ಕೆ ಸ್ಪಂದಿಸುವುದು 2021ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡುಬಂತು. ಜೀವಂತ ಹಕ್ಕಿಯಲ್ಲಿ ಇನ್ನೂ ಸಿದ್ಧಪಡಬೇಕಾಗಿದೆ.

ಇನ್ನೊಂದು ಸಂಗತಿ 2014ರಲ್ಲಿ ಪ್ರಕಟವಾಯಿತು. ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದ ಆವರಣದಲ್ಲಿ ರಾಬಿನ್‌ಗಳಿಗೆ ದಿಕ್ಕೇ ತಿಳಿಯುತ್ತಿರಲಿಲ್ಲ. ಅವನ್ನಿಟ್ಟ ಮರದ ಗುಡಿಸಲಿಗೆ ಅಲ್ಯೂಮಿನಿಯಂ ತಗಡು ಹೊದಿಸಿ, ಊರಿನ ವಿದ್ಯುತ್ ಉಪಕರಣಗಳ ಕಾಣದ ಗದ್ದಲವನ್ನು ತಡೆದಾಗ ತಿಳಿಯಿತು. ಆ ಗದ್ದಲ ಮನುಷ್ಯರಿಗೆಂದು ಗೊತ್ತುಮಾಡಿದ ಮಿತಿಗಿಂತ ಎಷ್ಟೋ ಕಡಿಮೆಯದು. ಯಾರೊಬ್ಬರೂ ತಪ್ಪು ಮಾಡಿರಲಿಲ್ಲ. ಹಕ್ಕಿಗೆ ಮಾತ್ರ ದಾರಿ ತಪ್ಪಿತ್ತು.

ಎಲೆಕ್ಟ್ರಾನಿನಿಂದ ನೀತಿಪಾಠ ಹಿಂಡುವುದು ತರವಲ್ಲ, ಅದಕ್ಕೆ ಮನಸ್ಸಿಲ್ಲ. ಆದರೆ ಅದು ನಮ್ಮ ಒಂದು ನೆಪವನ್ನು ಕಸಿದುಕೊಳ್ಳುತ್ತದೆ. "ನನ್ನೊಬ್ಬನಿಂದ ಏನಾದೀತು? ಮಿತಿಯೊಳಗೇ ಇದ್ದೇನಲ್ಲ" ಎನ್ನುತ್ತೇವೆ. ಮಿತಿಯನ್ನು ನಮ್ಮ ಮೈಗೆ ಅಳೆದು ಹಾಕಿದೆವು, ಹಕ್ಕಿಯನ್ನು ಕೇಳಿದವರಾರು? ತಿಳಿಯದೆ ಮಾಡಿದ್ದಕ್ಕೆ ದೋಷ ಅಂಟದಿರಬಹುದು. ತಿಳಿದ ಮೇಲೂ ಸುಮ್ಮನಿದ್ದರೆ?

18ನೆಯ ಶತಮಾನದ ಕೊನೆಯಲ್ಲಿ ವೇಡಂತಾಂಗಲ್‌ನ ರೈತರು, ಸಿಪಾಯಿಗಳು ಹಕ್ಕಿಗಳಿಗೆ ಗುಂಡು ಹೊಡೆಯದಂತೆ ಬ್ರಿಟಿಷ್ ಕಲೆಕ್ಟರರಿಂದ ಅಪ್ಪಣೆ ಪಡೆದಿದ್ದರು. ಹಿಕ್ಕೆ ಬಿದ್ದ ಕೆರೆಯ ನೀರು ಗದ್ದೆಗೆ ಗೊಬ್ಬರವಾಗುತ್ತಿತ್ತೆಂಬುದೂ ನಿಜವೇ. ಸ್ಪಿನ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಹಕ್ಕಿಗೆ ನೆಮ್ಮದಿ ಬೇಕೆಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚು ತಿಳಿದ ನಾವು ಅವರಿಗಿಂತ ಕಡಿಮೆ ಮಾಡಿದರೆ, ಮುಂದಿನ ಸಲ ಬುತ್ತಿ ಬಿಚ್ಚುವಾಗ ಮಕ್ಕಳಿಗೆ ಏನೆಂದು ಹೇಳೋಣ?