ಅರ್ಜಿ ಹಾಕುವ ಸಮಯ (ನೆಹೆಮೀಯ 1 ಮತ್ತು 2)

ಹಲ್ಲೆಲೂಯ. ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಕುರ್ಚಿ ಖಾಲಿ ಇದೆ. ನೆಹೆಮೀಯನ ಪುಸ್ತಕದ ಮೊದಲ ಎರಡು ಅಧ್ಯಾಯಗಳನ್ನು ತೆರೆಯಿರಿ. ಮೊಬೈಲಲ್ಲಿ ಬೈಬಲ್ ಓದುವವರು ದಯವಿಟ್ಟು ವಾಟ್ಸಾಪ್ ಮುಚ್ಚಿ.

ವಾಕ್ಯಕ್ಕೆ ಹೋಗುವ ಮುಂಚೆ ನಾನು ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಆ ತಂಗಿಯ ಅನುಮತಿ ಕೇಳಿಯೇ ಹೇಳ್ತಿದ್ದೀನಿ.

ನಾನು ವಾರವೆಲ್ಲ ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಒಂದು ಸರ್ಜಿಕಲ್ ಅಂಗಡಿಯಲ್ಲಿ ಲೆಕ್ಕ ಬರೆಯುವವನು ಅಂತ ನಿಮಗೆ ಗೊತ್ತು. ಕಳೆದ ವರ್ಷ ಜೂನ್‌ನಲ್ಲಿ ಒಂದು ಶುಕ್ರವಾರ, ಉಪವಾಸ ಪ್ರಾರ್ಥನೆಗೆ ಅಂಗಡಿಯಿಂದ ನೇರ ಬಂದಿದ್ದೆ. ಮೆಟ್ಟಿಲ ಹತ್ತಿರ ನಮ್ಮ ಸಭೆಯ ಒಬ್ಬ ತಂಗಿ ನಿಲ್ಲಿಸಿದಳು. ಸೆಕೆಂಡ್ ಪಿಯುಸಿ ಮುಗಿಸಿ, ಒಂದು ವರ್ಷ ಲಾಂಗ್ ಟರ್ಮ್ ಓದಿ, ನೀಟ್ ಬರೆದಿದ್ದಳು. ಸರ್ಕಾರಿ ಎಂಬಿಬಿಎಸ್ ಸೀಟು ಸಿಗುವ ರ‍್ಯಾಂಕ್ ಬರಲಿಲ್ಲ. ಪ್ರೈವೇಟ್ ಫೀಸು ಅವರಪ್ಪನ ಕೈಲಿ ಆಗಲ್ಲ. ಮನೆಯಲ್ಲಿ ಇನ್ನೊಂದು ವರ್ಷ ಲಾಂಗ್ ಟರ್ಮ್ ಮಾಡು ಅಂತಿದ್ದರು. ಇವಳಿಗೆ ಬಿಎಸ್ಸಿ ಫಿಸಿಶಿಯನ್ ಅಸಿಸ್ಟೆಂಟ್ ಅನ್ನೋ ಕೋರ್ಸಿಗೆ ಈಗಲೇ ಅರ್ಜಿ ಹಾಕೋ ಆಸೆ. "ಅಣ್ಣ, ಹಾಕಲಾ, ಕಾಯಲಾ? ಕರ್ತನು ಏನು ಹೇಳ್ತಾನೆ?" ಅಂತ ಕೇಳಿದಳು.

ನನಗೆ ಹಸಿವು, ಸುಸ್ತು. "ಕಾಯಮ್ಮ. ಕರ್ತನ ಸಮಯ ಇನ್ನೂ ಬಂದಿಲ್ಲ ಅನ್ಸುತ್ತೆ" ಅಂದುಬಿಟ್ಟೆ.

ಪ್ರಾರ್ಥನೆ ಮಾಡಿರಲಿಲ್ಲ. ಕೊನೇ ದಿನಾಂಕ ಯಾವತ್ತು ಅಂತಲೂ ಕೇಳಲಿಲ್ಲ. ನಿಜ ಹೇಳಬೇಕಂದ್ರೆ ಆ ಕೋರ್ಸ್ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಪಿಎ ಅಂದ್ರೆ ಮಂತ್ರಿಗಳ ಹಿಂದೆ ಫೈಲ್ ಹಿಡ್ಕೊಂಡು ಓಡಾಡೋರು ಅಂತಲೇ ನನ್ನ ತಲೆಯಲ್ಲಿದ್ದದ್ದು. ನನ್ನ "ಅನ್ಸುತ್ತೆ" ಅವಳ ಮನೆ ತಲುಪುವಷ್ಟರಲ್ಲಿ ಪ್ರವಾದನೆ ಆಗಿತ್ತು. ಹತ್ತು ದಿನಕ್ಕೆ ಅರ್ಜಿ ಮುಚ್ಚಿತು.

ಸೆಪ್ಟೆಂಬರಲ್ಲಿ ಅವಳು ಬಂದು, ಕೋಪ ಇಲ್ಲದೆ, ಮೆಲ್ಲಗೆ ಕೇಳಿದಳು: "ಅಣ್ಣ, ಅವತ್ತು ಹೇಳಿದ್ದು ಕರ್ತನ ಮಾತಾ, ನಿಮ್ಮ ಮಾತಾ?"

ನನ್ನ ಮಾತು ಅಂತ ಒಪ್ಪಿಕೊಂಡೆ. ಪ್ರಿಯರೇ, ಬೈಬಲ್ ಕಾಲೇಜಿನಲ್ಲಿ ಯಾವ ಪರೀಕ್ಷೆಯಲ್ಲೂ ನನಗೆ ಇಷ್ಟು ಕಷ್ಟದ ಪ್ರಶ್ನೆ ಬಂದಿರಲಿಲ್ಲ.

ಆಮೇಲೆ ನಾನು ತಿಳ್ಕೊಳ್ಳೋಕೆ ಹೋದೆ. ಈ ಕೆಲಸ 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು, ಡಾ. ಯೂಜೀನ್ ಸ್ಟೆಡ್ ಅನ್ನುವವರು ಶುರುಮಾಡಿದರು. ಮೊದಲ ತಂಡದಲ್ಲಿ ಸೇರಿದವರು ನೌಕಾಪಡೆಯಲ್ಲಿ ಗಾಯಾಳುಗಳಿಗೆ ಪಟ್ಟಿ ಕಟ್ಟಿ ಬಂದಿದ್ದ ನಾಲ್ಕು ಜನ. 1967ರಲ್ಲಿ ಮೂವರು ಪಾಸಾದರು. ನಮ್ಮ ದೇಶಕ್ಕೆ ಇದು ಬಂದದ್ದು 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ, ಹೃದಯ ಶಸ್ತ್ರವೈದ್ಯ ಡಾ. ಕೆ.ಎಂ. ಚೆರಿಯನ್ ಅವರಿಂದ. ಪಿಎ ಅಂದ್ರೆ ಡಾಕ್ಟರ್ ಅಲ್ಲ. ಡಾಕ್ಟರ ಕೈಕೆಳಗೆ ರೋಗಿಯ ಪೂರ್ವ ಕಥೆ ಕೇಳಿ ಬರೆಯೋದು, ಪರೀಕ್ಷಿಸೋದು, ರಿಪೋರ್ಟ್ ಹಿಂದೆ ಬೀಳೋದು, ರೌಂಡ್ಸ್, ಆಪರೇಷನ್ ಥಿಯೇಟರಲ್ಲಿ ಸಹಾಯ, ಡಿಸ್ಚಾರ್ಜ್ ಸಮ್ಮರಿ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಸೇರಬಹುದು. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್.

ಈಗ ನೆಹೆಮೀಯ. ಶೂಷನ್ ಕೋಟೆಯಲ್ಲಿ ಅರ್ತಷಸ್ತ ರಾಜನಿಗೆ ದ್ರಾಕ್ಷಾರಸ ಬಡಿಸುವ ಪಾನಸೇವಕ. ಸಹೋದರ ಹನಾನಿ ಊರಿಂದ ಬಂದು ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲು ಸುಟ್ಟಿದೆ ಅಂತ ಹೇಳಿದ. ಅದು ಕಿಸ್ಲೇವ್ ತಿಂಗಳು, ನಮ್ಮ ನವೆಂಬರ್-ಡಿಸೆಂಬರ್. ಅವನು ಅತ್ತ, ಉಪವಾಸ ಮಾಡಿದ. ರಾಜನ ಮುಂದೆ ವಿಷಯ ಬಂದದ್ದು ನೀಸಾನ್ ತಿಂಗಳಲ್ಲಿ, ಅಂದರೆ ಮಾರ್ಚ್-ಏಪ್ರಿಲ್. ಸುಮಾರು ನಾಲ್ಕು ತಿಂಗಳು!

ಈ ನಾಲ್ಕು ತಿಂಗಳ ಮೇಲೆ ನಾವು ಬೇಕಾದಷ್ಟು ಸಂದೇಶ ಕೇಳಿದ್ದೀವಿ. ನೋಡಿ, ಕಾದ, ಆಮೆನ್, ನೀವೂ ಕಾಯಿರಿ. ನಾನೂ ಹಾಗೇ ಬೋಧಿಸಿದ್ದೀನಿ. ಆದರೆ ಎರಡನೇ ಅಧ್ಯಾಯದಲ್ಲಿ ರಾಜ ಏನು ಬೇಕು ಅಂತ ಕೇಳಿದ ಕ್ಷಣ ಏನಾಯಿತು ಅಂತ ಗಮನಿಸಿ. ಅವನಿಗೆ ಬಹಳ ಹೆದರಿಕೆ ಆಯಿತು ಅಂತ ಅವನೇ ಬರೆದಿದ್ದಾನೆ. ಮನಸ್ಸಲ್ಲೇ ಪರಲೋಕದ ದೇವರಿಗೆ ಒಂದು ಪ್ರಾರ್ಥನೆ ಮಾಡಿ ಬಾಯಿ ತೆರೆದ. ಎಷ್ಟು ದಿನ ಬೇಕು, ಯಾವಾಗ ವಾಪಸ್ ಬರ್ತೀಯ ಅಂತ ರಾಜ ಕೇಳಿದರೆ, ಕಾಲ ಗೊತ್ತುಮಾಡಿ ಹೇಳಿದ. ನದಿಯಾಚೆಯ ಅಧಿಪತಿಗಳಿಗೆ ಪತ್ರ ಬೇಕು ಅಂದ. ಅರಣ್ಯಪಾಲಕ ಆಸಾಫನಿಗೆ ಪತ್ರ ಬೇಕು, ಮರ ಬೇಕು. ಕೋಟೆ ಬಾಗಿಲಿಗೆ ಇಷ್ಟು, ಗೋಡೆಗೆ ಇಷ್ಟು, ತಾನು ಇರುವ ಮನೆಗೆ ಇಷ್ಟು. ಅರಮನೆಯಲ್ಲಿ ಬಟ್ಟಲು ಹಿಡಿಯುವವನಿಗೆ ಕಾಡಿನ ಯಜಮಾನನ ಹೆಸರು ಹೇಗೆ ಗೊತ್ತು? ವಿಚಾರಿಸಿದ್ದ! ಪ್ರಾರ್ಥನೆಯ ಜೊತೆ ಕೇಳಿ ತಿಳ್ಕೊಂಡಿದ್ದ. ಹಲ್ಲೆಲೂಯ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಟಿಸಿ, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಸಾಲದ ವಿವರ. ಇವು ನಿಮ್ಮ ಪತ್ರಗಳು. ಇವುಗಳಲ್ಲಿ ಒಂದನ್ನೂ ಹುಡುಕದೆ "ಬ್ರದರ್, ಕರ್ತನಿಗಾಗಿ ಕಾಯ್ತಿದ್ದೀನಿ" ಅನ್ನೋ ಯೌವನಸ್ಥರು ನಮ್ಮಲ್ಲಿ ಎಷ್ಟು ಜನ! ಕೆಲವರದು ಕಾಯುವಿಕೆ ಅಲ್ಲ, ಸಿಗದೇ ಹೋದರೆ ಅನ್ನೋ ಭಯ. ಭಯ ಇರಲಿ ಬಿಡಿ, ನೆಹೆಮೀಯನಿಗೂ ಇತ್ತು. ಅದಕ್ಕೆ ದೇವರ ಚಿತ್ತ ಅನ್ನೋ ಹೆಸರು ಮಾತ್ರ ಇಡಬೇಡಿ. ಇನ್ನು ಗಿದ್ಯೋನನ ಉಣ್ಣೆ. ಒಬ್ಬ ತಮ್ಮ ಗಾಂಧಿ ಬಜಾರಲ್ಲಿ ನಿಂತು, ಮಾರ್ಕೆಟ್ ಬಸ್ ಮೊದಲು ಬಂದರೆ ಅರ್ಜಿ ಹಾಕ್ತೀನಿ ಅಂತ ದೇವರಿಗೆ ಗುರುತು ಇಟ್ಟನಂತೆ. ನಗಬೇಡಿ, ನಿಮ್ಮಲ್ಲೇ ಇದ್ದಾನೆ. ನ್ಯಾಯಸ್ಥಾಪಕರು 6 ಓದಿ. ದೇವರು ಸ್ಪಷ್ಟವಾಗಿ ಹೇಳಿದ ಮೇಲೂ ನಂಬೋಕೆ ಆಗದೆ ಗಿದ್ಯೋನ ಕೇಳಿದ ಗುರುತು ಅದು. ಬಿಎಂಟಿಸಿಗೆ ಆ ಅಭಿಷೇಕ ಇಲ್ಲ.

ಇದಕ್ಕೆ ಉಲ್ಟಾ ಇನ್ನೊಂದು ಗುಂಪಿದೆ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರು. ಏಜೆಂಟ್ ಫೋನ್ ಮಾಡಿ "ಕೊನೇ ಸೀಟು, ಇವತ್ತೇ ಟೋಕನ್ ಕಟ್ಟಿ, ಕೋರ್ಸ್ ಮುಗಿಸಿ ನೇರ ಅಮೆರಿಕ" ಅಂತಾನೆ. ಅಪ್ಪ ಚಿನ್ನ ಅಡವಿಡ್ತಾರೆ. ಕೇಳಿಸ್ಕೊಳ್ಳಿ. ಅಮೆರಿಕದಲ್ಲಿ ಪಿಎ ಆಗಬೇಕಾದರೆ ಅಲ್ಲಿ ಮಾನ್ಯತೆ ಪಡೆದ ಕೋರ್ಸನ್ನೇ ಓದಿ, ಆಮೇಲೆ ಅವರ ಪರೀಕ್ಷೆ ಪಾಸ್ ಮಾಡಬೇಕು. ಇಲ್ಲಿಯ ಬಿಎಸ್ಸಿ ಹಿಡ್ಕೊಂಡು ಹೋಗಿ ಆ ಕೆಲಸ ಮಾಡೋಕೆ ಆಗಲ್ಲ. ಅಲ್ಲಿ ಅದು ಪದವಿ ಆದಮೇಲಿನ ಓದು, ಎಷ್ಟೋ ಕಾಲೇಜುಗಳು ರೋಗಿಗಳ ಜೊತೆ ಕೆಲಸ ಮಾಡಿದ ಗಂಟೆಗಳ ಲೆಕ್ಕ ಕೇಳ್ತವೆ. ಇಲ್ಲಿ ಓದೋದಾದರೆ ಡಿಗ್ರಿ ಕೊಡೋ ವಿಶ್ವವಿದ್ಯಾಲಯ ಯಾವುದು, ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ ಅಂತ ಬರಹದಲ್ಲಿ ಕೇಳಿ. 2021ರಲ್ಲಿ ಅಲೈಡ್ ಹೆಲ್ತ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು, ಅದರ ಪಟ್ಟಿಯಲ್ಲಿ ಈ ವೃತ್ತಿಯ ಹೆಸರೂ ಇದೆ. ಕೇಳೋ ಹಕ್ಕು ನಿಮಗಿದೆ. ನೆಹೆಮೀಯನೂ ಯೆರೂಸಲೇಮಿಗೆ ಹೋಗಿ ಮೂರು ದಿನ ಆದಮೇಲೆ, ರಾತ್ರಿಯಲ್ಲಿ, ಯಾರಿಗೂ ಹೇಳದೆ ಗೋಡೆ ಸುತ್ತ ನೋಡಿ ಬಂದ. ನೋಡಿದ ಮೇಲೇ ಕಟ್ಟೋಣ ಅಂದ. ಗೋಡೆ 52 ದಿನದಲ್ಲಿ ಎದ್ದಿತು.

ಆ ತಂಗಿ ಈ ವರ್ಷ ಸುಮ್ಮನೆ ಕೂರಲಿಲ್ಲ. ಬಸವನಗುಡಿಯಲ್ಲಿ ಒಂದು ಕ್ಲಿನಿಕ್‌ನ ಕೌಂಟರಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ವಾರವೇ ಒಬ್ಬ ಅಜ್ಜ ಅವಳ ಮೇಜಿನ ಮುಂದೆ ವಾಂತಿ ಮಾಡಿಕೊಂಡರಂತೆ. ಆಯಾ ಬರೋವರೆಗೆ ಇವಳೇ ಒರೆಸಿ, ಅವರನ್ನು ಕೂರಿಸಿ, ಕೈ ಹಿಡ್ಕೊಂಡಿದ್ದಳು. ಅಲ್ಲಿಯ ಡಾಕ್ಟರಮ್ಮ ಕೇಳಿಕೊಟ್ಟು ಒಂದು ದೊಡ್ಡ ಆಸ್ಪತ್ರೆಯಲ್ಲಿ ಪಿಎ ಒಬ್ಬರ ಜೊತೆ ಇಡೀ ದಿನ ಇರಲು ಬಿಟ್ಟರು. ಬೆಳಗ್ಗೆ ಏಳಕ್ಕೆ ರೌಂಡ್ಸ್, ಸಂಜೆವರೆಗೆ ಕಾಲ ಮೇಲೇ. "ಅಣ್ಣ, ಮುಂಚೆ ಎಂಬಿಬಿಎಸ್ ಸಿಗಲಿಲ್ಲ ಅಂತ ಇದು ಬೇಕಿತ್ತು. ಈಗ ಇದೇ ಬೇಕು" ಅಂದಳು. ಅವರಪ್ಪನೂ ಒಂದು ಭಾನುವಾರ ನನ್ನ ಪಕ್ಕ ಕೂತು ಫೀಸಿನ ಲೆಕ್ಕ ಬರೆಸಿದರು. ಲಾಂಗ್ ಟರ್ಮ್ ಮಾತು ಅಲ್ಲಿಗೆ ನಿಂತಿತು.

ನೋಡಿ, ಆ ವರ್ಷವನ್ನು ಕರ್ತನು ಒಳ್ಳೆಯದಕ್ಕೆ ತಿರುಗಿಸಿದ ಅಂತ ಅವಳು ಸಾಕ್ಷಿ ಹೇಳಬಹುದು. ನಾನು ಹೇಳುವ ಹಾಗಿಲ್ಲ. ಅವಳ ಜೊತೆ ಓದಿದವರು ಈಗ ಎರಡನೇ ವರ್ಷಕ್ಕೆ ಹೋಗ್ತಿದ್ದಾರೆ, ಆ ವ್ಯತ್ಯಾಸ ನನ್ನ ಒಂದು ವಾಕ್ಯದಿಂದ ಆದದ್ದು. ಆದ್ದರಿಂದ ಇನ್ನು ಮೇಲೆ ಯಾವಾಗ ಅರ್ಜಿ ಹಾಕಲಿ ಅಂತ ನನ್ನನ್ನು ಕೇಳಿದರೆ ನಾನು ದಿನಾಂಕ ಕೊಡಲ್ಲ. ಕೊನೇ ದಿನ ಯಾವತ್ತು, ಕೋರ್ಸ್ ನೋಡಿ ಬಂದಿದ್ದೀಯಾ, ಅಪ್ಪ ಅಮ್ಮನ ಹತ್ತಿರ ದುಡ್ಡಿನ ಮಾತಾಡಿದ್ದೀಯಾ ಅಂತ ಕೇಳ್ತೀನಿ. ಆಮೇಲೆ ಜೊತೆಗೆ ಮೊಣಕಾಲೂರ್ತೀನಿ. ಇವಕ್ಕೆ ಉತ್ತರ ಇದ್ದು, ಒಳಗೆ ಇನ್ನೂ ಭಯವೂ ಇದ್ದರೆ, ಹೆದರಿಕೊಂಡೇ ಹಾಕಿ. ಇಲ್ಲದಿದ್ದರೆ ಕಾಯಿರಿ, ಆದರೆ ವಿಚಾರಿಸುತ್ತಾ ಕಾಯಿರಿ.

ತಂಗಿ ಮೂರನೇ ಸಾಲಲ್ಲಿ ಕೂತಿದ್ದಾಳೆ. ಗುರುವಾರ ಅವಳ ಅರ್ಜಿಗೆ ಕೊನೇ ದಿನ. ಫೈಲ್ ಎಲ್ಲ ಸಿದ್ಧ, ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಒಂದು ಬಂದಿಲ್ಲ. ನಾಳೆ ಬೆಳಗ್ಗೆ ನಾನೂ ಅಂಗಡಿಗೆ ತಡವಾಗಿ ಬರ್ತೀನಿ ಅಂತ ಹೇಳಿ ಅವರಪ್ಪನ ಜೊತೆ ಹೋಗ್ತಿದ್ದೀನಿ. ಅರ್ಜಿ ಕೈಯಲ್ಲಿರೋ ಬೇರೆಯವರೂ ಹಾಗೇ ಹಿಡ್ಕೊಂಡು ಮುಂದೆ ಬನ್ನಿ. ಉಳಿದವರು ಎದ್ದು ನಿಂತು ಅವರ ಕಡೆ ಕೈ ಚಾಚಿ. ಪ್ರಾರ್ಥಿಸೋಣ.